ಐಡಿಯಾ ಇದೆ, ಕಥೆ ಆಗ್ತಿಲ್ಲ: ಗಾಳಿಯಿಂದ ನೀರು ತೆಗೆಯುವ ಪೆಟ್ಟಿಗೆ

ಮೋಡದಂಗಡಿ ಕೇಳಿದ್ದು:

ಒಂದು ವಿಜ್ಞಾನ ಕಥೆಯ ಕರಡು ತಿದ್ದಲು ಸಲಹೆ ಬೇಕು. ಒಂದೇ ಒಂದು ಐಡಿಯಾ ಮೇಲೆ ನಿಲ್ಲಬೇಕಾದ ಸಣ್ಣಕಥೆ. ನಡೆಯುವುದು ಬೆಂಗಳೂರಿನಲ್ಲಿ, ಇನ್ನು ಇಪ್ಪತ್ತು ವರ್ಷದ ನಂತರ. ಕರೆಂಟ್ ಬೇಡದ ಒಂದು ಪೆಟ್ಟಿಗೆ ಪ್ರತಿ ಮನೆಯ ತಾರಸಿ ಮೇಲೂ ಇದೆ. ಗಾಳಿಯಲ್ಲಿರುವ ತೇವ ಹೀರಿ ನೀರು ಕೊಡುತ್ತದೆ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಯಾವುದೂ ಬೇಡ. ಎಲ್ಲರೂ ಹೀರಿ ಹೀರಿ ಊರಿನ ಗಾಳಿಯೇ ಒಣಗಿ, ಮಳೆ ನಿಂತು, ಕೊನೆಗೆ ಜನ ಊರು ಬಿಡುತ್ತಾರೆ.

ಈಗ 3,200 ಪದ ಇದೆ. ಮೊದಲ 900 ಪದ ಬೆಂಗಳೂರಿನ ನೀರಿನ ಚರಿತ್ರೆ: 1890ರ ದಶಕದ ಹೆಸರಘಟ್ಟ, 1930ರ ದಶಕದ ತಿಪ್ಪಗೊಂಡನಹಳ್ಳಿ, 1974ರ ಕಾವೇರಿ ಮೊದಲ ಹಂತ. ನಡುವೆ ವಿಜ್ಞಾನಿಯೊಬ್ಬರು ಶಿಷ್ಯೆಗೆ ಯಂತ್ರದ ಕೆಲಸ ವಿವರಿಸುವ ಎರಡು ಪುಟ. ಓದಿದವರೆಲ್ಲ "ಐಡಿಯಾ ಚೆನ್ನಾಗಿದೆ, ಆದರೆ ಲೇಖನ ಓದಿದ ಹಾಗಿದೆ" ಅಂದರು. ವಿಜ್ಞಾನ ಎಷ್ಟು ಹೇಳಬೇಕು, ಎಲ್ಲಿ ಹೇಳಬೇಕು? ಮತ್ತೆ, ಈ ಐಡಿಯಾ ನಿಜಕ್ಕೂ ನಿಲ್ಲುತ್ತದಾ?

ತೂಕದಕಲ್ಲು ಉತ್ತರ:

ಕೊನೇ ಪ್ರಶ್ನೆಯಿಂದ ಶುರು ಮಾಡೋಣ. ಅದು ಬಗೆಹರಿದರೆ ಉಳಿದದ್ದು ಅರ್ಧ ಬಗೆಹರಿಯುತ್ತದೆ. ಇಂಥ ಕಥೆ ಬರೆಯುವ ಮುಂಚೆ ಒಂದು ಹಾಳೆ ತಗೊಂಡು ಲೆಕ್ಕ ಹಾಕಲೇಬೇಕು. ಕಥೆ ಅವಿತಿರುವುದು ಆ ಲೆಕ್ಕದೊಳಗೆ.

24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 22 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಆರ್ದ್ರತೆ ಶೇ 65 ಇದ್ದರೆ 14 ಗ್ರಾಂ. ಪೆಟ್ಟಿಗೆ ಅದರಲ್ಲಿ ಅರ್ಧ, ಅಂದರೆ 7 ಗ್ರಾಂ ತೆಗೆಯುತ್ತದೆ ಅಂದುಕೊಳ್ಳಿ. ನಾಲ್ಕು ಜನರ ಮನೆಗೆ ತಲೆಗೆ 135 ಲೀಟರ್‌ನಂತೆ ದಿನಕ್ಕೆ 540 ಲೀಟರ್. ಅದಕ್ಕೆ 77,000 ಘನ ಮೀಟರ್ ಗಾಳಿ ಬೇಕು. 20×30 ಅಡಿ ಸೈಟಿನಲ್ಲಿ ಕಟ್ಟಿದ ಒಂದು ಮಹಡಿಯೊಳಗೆ ಹಿಡಿಸುವ ಗಾಳಿ ಸುಮಾರು 165 ಘನ ಮೀಟರ್. ಅಂದರೆ ಒಂದು ಮನೆ ತುಂಬುವಷ್ಟು ಗಾಳಿಯನ್ನು ಪೆಟ್ಟಿಗೆ ಮೂರು ನಿಮಿಷಕ್ಕೊಮ್ಮೆ ನುಂಗಬೇಕು. ಇದು ಆಗದ ಮಾತೇನಲ್ಲ. ಒಂದು ಚದರ ಮೀಟರ್ ಬಾಯಿ ಇಟ್ಟರೆ ಮಾಮೂಲಿ ಗಾಳಿಯೇ ಸಾಕು.

ಈಗ ಇಡೀ ಊರು. 30 ಕಿಲೋಮೀಟರ್ ಅಗಲ, ನೆಲದಿಂದ 100 ಮೀಟರ್ ಎತ್ತರ, ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್. ಈ ಚೌಕಟ್ಟನ್ನು ದಾಟುವ ಗಾಳಿ ಹೊತ್ತು ತರುವ ನೀರು ದಿನಕ್ಕೆ ಸುಮಾರು 1,090 ಕೋಟಿ ಲೀಟರ್. ಕಾವೇರಿ ಐದನೇ ಹಂತ ಸೇರಿಸಿ ಊರಿಗೆ ಪಂಪ್ ಮಾಡಬಲ್ಲದ್ದು ದಿನಕ್ಕೆ ಸುಮಾರು 222 ಕೋಟಿ ಲೀಟರ್. ಅಷ್ಟನ್ನೂ ಗಾಳಿಯಿಂದಲೇ ತೆಗೆದರೂ ಹೋಗುವುದು ಐದರಲ್ಲಿ ಒಂದು ಪಾಲು. ಅದೂ ಬರೀ ಕೆಳಗಿನ ನೂರು ಮೀಟರಿನ ಲೆಕ್ಕದಲ್ಲಿ. ಮಳೆ ತರುವ ತೇವ ಕಿಲೋಮೀಟರುಗಟ್ಟಲೆ ಮೇಲಿನವರೆಗೂ ಇರುತ್ತದೆ, ಅರಬ್ಬೀ ಸಮುದ್ರದಿಂದ ಬರುತ್ತದೆ. ಹಾಗಾಗಿ ನಿಮ್ಮ ಕಥೆಯ ಕೊನೆ, ಅಂದರೆ ಮಳೆ ನಿಂತು ಊರು ಖಾಲಿಯಾಗುವುದು, ಲೆಕ್ಕಕ್ಕೆ ನಿಲ್ಲುವುದಿಲ್ಲ.

ಬೇಜಾರಾಗಬೇಡಿ, ಇದಕ್ಕಿಂತ ಒಳ್ಳೆಯದು ಇಲ್ಲೇ ಪಕ್ಕದಲ್ಲಿದೆ. ಆವಿ ನೀರಾಗುವಾಗ ಶಾಖ ಬಿಟ್ಟುಕೊಡುತ್ತದೆ: ಒಂದು ಕಿಲೋಗೆ ಸುಮಾರು 24.5 ಲಕ್ಷ ಜೂಲ್. ಕರೆಂಟ್ ಬೇಡ ಅನ್ನುವುದು ನಿಮ್ಮ ಕಥೆಯ ಸುಳ್ಳು. ಒಂದು ಕಥೆಗೆ ಒಂದು ಸುಳ್ಳನ್ನು ಓದುಗ ಒಪ್ಪುತ್ತಾನೆ. ಆ ಶಾಖವೂ ಮಾಯ ಅಂದರೆ ಎರಡನೇ ಸುಳ್ಳಾಯಿತು, ಅಲ್ಲಿಗೆ ಅವನ ನಂಬಿಕೆ ಹೋಯಿತು. ಶಾಖ ಎಲ್ಲಿಗಾದರೂ ಹೋಗಲೇಬೇಕು. 540 ಲೀಟರಿಗೆ ದಿನಕ್ಕೆ 367 ಯೂನಿಟ್ ಶಾಖ. ಎರಡು ಕಿಲೋವಾಟಿನ ಏಳೆಂಟು ಗೀಸರ್‌ಗಳನ್ನು ತಾರಸಿ ಮೇಲೆ ಹಗಲೂ ರಾತ್ರಿ ಆನ್ ಮಾಡಿಟ್ಟ ಹಾಗೆ. ಅದೇ ಗಾಳಿಗೆ ಆ ಶಾಖ ಸೇರಿದರೆ, 24 ಡಿಗ್ರಿಯಲ್ಲಿ ಒಳಹೋದ ಗಾಳಿ 40 ಡಿಗ್ರಿಯಲ್ಲಿ ಹೊರಬರುತ್ತದೆ, ಆರ್ದ್ರತೆ ಶೇ 14ರ ಆಸುಪಾಸು. ಶ್ರೀರಾಮಪುರದ ಗಲ್ಲಿಯೊಂದರಲ್ಲಿ, ಆಷಾಢದಲ್ಲಿ, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ! ಆ ಗಾಳಿ ಹೋಗಿ ಬಡಿಯುವುದು ಹಿಂದಿನ ಮನೆಗೆ.

ಇಡೀ ಊರಿನ ಶಾಖ ಕೂಡಿಸಿದರೆ 63,000 ಮೆಗಾವಾಟ್. ಬೇಸಿಗೆಯಲ್ಲಿ ಇಡೀ ಕರ್ನಾಟಕದ ಗರಿಷ್ಠ ವಿದ್ಯುತ್ ಬೇಡಿಕೆಯೇ 18,000 ಮೆಗಾವಾಟ್ ಆಸುಪಾಸು. ಇನ್ನೊಂದು ಹೋಲಿಕೆ: ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳ ಮೂಲಕ ಸುಮಾರು 500 ಮೀಟರ್ ಮೇಲಕ್ಕೆತ್ತುತ್ತಾರೆ. ಪಂಪಿನ ನಷ್ಟ ಬಿಟ್ಟರೆ ಒಂದು ಲೀಟರ್ ಎತ್ತಲು 4,900 ಜೂಲ್. ಗಾಳಿಯಿಂದ ಅದೇ ಒಂದು ಲೀಟರ್ ಇಳಿಸಿದರೆ ಹೊರಬೀಳುವ ಶಾಖ ಅದರ 500 ಪಟ್ಟು. ನಿಮ್ಮ ಕಥೆ ಬರಗಾಲದ್ದಲ್ಲ, ಸೆಕೆಯದ್ದು.

ಎರಡನೇಕರಡು ಉತ್ತರ:

ಮೇಲಿನ ಲೆಕ್ಕ ನೋಡಿದ ಮೇಲೆ ಕಥೆಯ ನಾಯಕಿ ಯಾರು ಅಂತ ಕೇಳುವ ಅಗತ್ಯವೇ ಇಲ್ಲ: ಹಿಂದಿನ ಮನೆಯ ಹೆಂಗಸು. ವಿಜ್ಞಾನಿ, ಶಿಷ್ಯೆ ಇಬ್ಬರನ್ನೂ ತೆಗೆಯಿರಿ. ಯಂತ್ರ ಕಂಡುಹಿಡಿದವನಿಗೆ ಅದರ ಬಗ್ಗೆ ಎಲ್ಲ ಗೊತ್ತು, ಅವನು ಬಾಯಿ ಬಿಟ್ಟರೆ ಪಾಠವೇ ಬರುವುದು. ಏನಾಗ್ತಿದೆ ಅಂತ ಗೊತ್ತಿಲ್ಲದೆ ಅದರ ಪರಿಣಾಮದಲ್ಲಿ ಬದುಕುವವರ ಜೊತೆ ಕಥೆ ನಡೆದರೆ ಓದುಗ ತಾನೇ ಒಂದೊಂದಾಗಿ ಕೂಡಿಸಿಕೊಳ್ಳುತ್ತಾನೆ. ಇಂಥ ಕಥೆಯ ಸುಖ ಇರುವುದೇ ಆ ಕೂಡಿಸುವುದರಲ್ಲಿ.

ಕರಡಿನ ವಾಕ್ಯ ಹೀಗಿರಬಹುದು: "ನಿನಗೆ ತಿಳಿದಿರುವಂತೆ, ನೀರಾವಿಯು ಸಾಂದ್ರೀಕರಣಗೊಳ್ಳುವಾಗ ಗುಪ್ತೋಷ್ಣ ಬಿಡುಗಡೆಯಾಗುತ್ತದೆ ಎಂದು ಪ್ರೊಫೆಸರ್ ಹೇಳಿದರು." ತಿಳಿದಿರುವವಳಿಗೆ ಯಾಕೆ ಹೇಳಬೇಕು? ಅದರ ಬದಲು:

"ಆಷಾಢದ ಮೂರನೇ ದಿನ. ಸರೋಜಮ್ಮ ಒಗೆದ ಸೀರೆಯನ್ನು ಹಿತ್ತಿಲ ತಂತಿಗೆ ಹಾಕಿ, ಒಳಗೆ ಹೋಗಿ ಅನ್ನಕ್ಕಿಟ್ಟು ಬಂದರು. ಸೀರೆ ಒಣಗಿತ್ತು. ಮೋಡ ಹಾಗೇ ಇತ್ತು. ಸೆರಗು ಕೆನ್ನೆಗೆ ಒತ್ತಿ ನೋಡಿದರು, ಇಸ್ತ್ರಿ ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ಬೆಚ್ಚಗಿತ್ತು. ಮುಂದಿನ ಮನೆಯವರು ಹೊಸ ಮೆಷಿನ್ ಹಾಕಿಸಿದ್ದರಿಂದ ತಮಗೂ ಒಂದು ಅನುಕೂಲ ಆಯಿತು ಅಂದುಕೊಂಡರು."

ಇದರಲ್ಲಿ ಗುಪ್ತೋಷ್ಣ, ಅಂದರೆ ಆವಿ ನೀರಾಗುವಾಗ ಬಿಟ್ಟುಕೊಡುವ ಆ ಶಾಖ, ಪೂರ್ತಿ ಇದೆ, ಆ ಪದ ಮಾತ್ರ ಇಲ್ಲ. ಕೆಡುಕು ಮೊದಲು ಅನುಕೂಲವಾಗಿ ಬರುವುದನ್ನು ಗಮನಿಸಿ. ಹಪ್ಪಳ ಒಂದು ಹೊತ್ತಿಗೆ ಒಣಗುತ್ತದೆ. ಆಮೇಲೆ ಹುದುಗಲು ಇಟ್ಟ ದೋಸೆಹಿಟ್ಟಿನ ಮೇಲೆ ಒಣಗಿದ ಪದರ. ತುಳಸಿ ಬಾಡುತ್ತದೆ. ಮಗುವಿನ ಮೂಗಿನಲ್ಲಿ ರಕ್ತ. ಮೃದಂಗ ನುಡಿಸುವವರು ಮನೆಯಲ್ಲಿದ್ದರೆ ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆ. ಈ ಪೈಕಿ ಮೂರು ಸಾಕು. ಎಲ್ಲ ತುರುಕಿದರೆ ಮತ್ತೆ ಪಟ್ಟಿಯಾಗುತ್ತದೆ.

900 ಪದದ ಚರಿತ್ರೆಯಿಂದ ಒಂದೇ ವಾಕ್ಯ ಉಳಿಸಿ, ಅದೂ ಒಬ್ಬ ಮನುಷ್ಯನ ಮೂಲಕ: ಬೀದಿಗೆ ನೀರು ಬಿಡುತ್ತಿದ್ದ ವಾಲ್ವ್‌ಮ್ಯಾನ್, ಈಗ ಕೆಲಸ ಇಲ್ಲ, ಆದರೂ ಆ ಉದ್ದನೆಯ ಕೀಲಿ ಇನ್ನೂ ಮನೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದಾನೆ. ಕಾವೇರಿಯ ಕಾಲ ಮುಗಿದದ್ದು ಅಷ್ಟರಲ್ಲೇ ಗೊತ್ತಾಗುತ್ತದೆ. ಕಥೆ ಶುರುವಾಗಬೇಕಾದದ್ದು ಪೆಟ್ಟಿಗೆ ಬಂದು ಆರು ತಿಂಗಳ ಮೇಲೆ, ಅದು ಯಾರಿಗೂ ಅಚ್ಚರಿಯಾಗಿ ಉಳಿಯದಿದ್ದಾಗ. ಉದ್ಘಾಟನೆ, ಪತ್ರಿಕಾಗೋಷ್ಠಿ ಇಂಥವು ಬೇಡ. 2,200 ಪದ ಮೀರಬೇಡಿ. ನೇರ ವಿವರಣೆ ಅಂತ ಏನಾದರೂ ಬೇಕೇ ಬೇಕಾದರೆ 120 ಪದದೊಳಗೆ, ಕಥೆಯ ಮೂರನೇ ಒಂದು ಭಾಗ ಕಳೆದ ಮೇಲೆ. ಓದುಗನಿಗೆ ಅಷ್ಟೊತ್ತಿಗೆ "ಯಾಕೆ ಹೀಗೆ?" ಅನ್ನುವ ಪ್ರಶ್ನೆ ಹುಟ್ಟಿರುತ್ತದೆ. ಪ್ರಶ್ನೆ ಹುಟ್ಟುವ ಮುಂಚೆ ಕೊಟ್ಟ ಉತ್ತರ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಒಂದು ವಿಷಯದಲ್ಲಿ ತೂಕದಕಲ್ಲು ಅವರಿಗೆ ಸ್ವಲ್ಪ ತಕರಾರು. ಆ ಅಂಕಿಗಳೆಲ್ಲ ಬರೆಯುವವರಿಗೆ. ಕಥೆಯೊಳಗೆ ಒಂದೇ ಒಂದು ಅಂಕಿ ಬರಲಿ: ಗೋಡೆಗೆ ನೇತುಹಾಕಿದ ಥರ್ಮಾಮೀಟರಿನಲ್ಲಿ 40.

ಪದದಹುಳ ಉತ್ತರ:

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ, ಕನ್ನಡದ ವಿಜ್ಞಾನ ಕಥೆ ಹೆಚ್ಚು ಸೋಲುವುದು ಅಲ್ಲೇ. ಯಂತ್ರಕ್ಕೆ "ವಾಯುಮಂಡಲೀಯ ಜಲೋತ್ಪಾದಕ" ಅಂತ ಹೆಸರಿಟ್ಟರೆ ಪಾತ್ರಗಳ ಬಾಯಲ್ಲಿ ಅದು ತಿರುಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿಗೆಲ್ಲ ಜನ ಸಿಂಟೆಕ್ಸ್ ಅಂದರು, ನೆಲದೊಳಗಿನ ತೊಟ್ಟಿ ಸಂಪು ಆಯಿತು. ಹೊಸ ವಸ್ತು ಮನೆಯೊಳಗೆ ಬಂದಾಗ ಜನ ಕಂಪನಿಯ ಹೆಸರು ಹಿಡಿಯುತ್ತಾರೆ, ಇಲ್ಲವೇ ಕಂಡ ಆಕಾರ, ಮಾಡುವ ಕೆಲಸ. ಹನಿಪೆಟ್ಟಿಗೆ ಅನ್ನಿ, ಬರೀ ಪೆಟ್ಟಿಗೆ ಅನ್ನಿ. ಒಮ್ಮೆ ಇಟ್ಟ ಹೆಸರನ್ನು ಕೊನೆಯವರೆಗೂ ಬದಲಿಸಬೇಡಿ.

ಹೆಸರಿಗಿಂತಲೂ ಮುಖ್ಯವಾದದ್ದು ಕ್ರಿಯಾಪದ. ಬೆಂಗಳೂರಿನ ಮನೆಗಳಲ್ಲಿ ನೀರಿನ ಸುತ್ತ ಒಂದು ಸಣ್ಣ ಭಾಷೆಯೇ ಇದೆ: ನೀರು ಬಿಟ್ಟರು, ನೀರು ಬಂತಾ, ಮೋಟಾರ್ ಹಾಕು, ಟ್ಯಾಂಕ್ ತುಂಬಿ ಸುರೀತಿದೆ ಆಫ್ ಮಾಡು. ಪೆಟ್ಟಿಗೆ ಬಂದ ಮೇಲೆ ಇವುಗಳಲ್ಲಿ ಯಾವುದು ಸಾಯುತ್ತದೆ, ಯಾವುದು ಅರ್ಥ ಬದಲಿಸಿಕೊಂಡು ಉಳಿಯುತ್ತದೆ? ಅಕ್ಕಪಕ್ಕದವರು ಕಾಂಪೌಂಡ್ ಗೋಡೆಯ ಮೇಲಿಂದ "ನೀರು ಬಂತಾ ರೀ?" ಅನ್ನುತ್ತಿದ್ದವರು ಈಗ "ಗಾಳಿ ಬಂತಾ ರೀ?" ಅನ್ನುತ್ತಾರೆ. ಈ ಒಂದು ಮಾತನ್ನು ಕಥೆಯ ಮೊದಲ ಸಾಲಾಗಿ ಇಡಿ, ವಿವರಣೆ ಕೊಡಬೇಡಿ. ಇಪ್ಪತ್ತು ವರ್ಷ ಮುಂದಿನ ಊರು ಎರಡೇ ಪದದಲ್ಲಿ ಓದುಗನ ಕಣ್ಮುಂದೆ ನಿಲ್ಲುತ್ತದೆ.

ನಿರೂಪಣೆ ಪುಸ್ತಕದ ಭಾಷೆಯಲ್ಲಿ, ಸಂಭಾಷಣೆ ಆಡುಮಾತಿನಲ್ಲಿ ಇದ್ದರೆ ತೊಂದರೆ ಇಲ್ಲ. ಒಂದೇ ಪಾತ್ರ ಒಂದು ಸಾಲಿನಲ್ಲಿ "ಹೋಗ್ತೀನಿ", ಮರುಸಾಲಿನಲ್ಲಿ "ಹೋಗುತ್ತೇನೆ" ಅಂದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಬರೆದ ಮೇಲೆ ಸಂಭಾಷಣೆಗಳನ್ನಷ್ಟೇ ಗಟ್ಟಿಯಾಗಿ ಓದಿ ನೋಡಿ.

ಮೋಡದಂಗಡಿ:

ಎಲ್ಲರಿಗೂ ತುಂಬಾ ಧನ್ಯವಾದ. ಮಳೆ ನಿಲ್ಲುವ ಭಾಗ, ವಿಜ್ಞಾನಿ, ಚರಿತ್ರೆ ಮೂರನ್ನೂ ತೆಗೆದಾಯಿತು. ಈಗ ಅಂತ್ಯಕ್ಕೆ ಸಿಕ್ಕಿಕೊಂಡಿದೆ. ಸರೋಜಮ್ಮ ಕೋರ್ಟಿಗೆ ಹೋಗುವುದು ಅಥವಾ ಪೆಟ್ಟಿಗೆ ಒಡೆದುಹಾಕುವುದು, ಎರಡೂ ಹೊರಗಿನಿಂದ ತಂದು ಅಂಟಿಸಿದ ಹಾಗೆ ಕಾಣುತ್ತಿವೆ.

ತೂಕದಕಲ್ಲು:

ಅಂತ್ಯವನ್ನೂ ಐಡಿಯಾದೊಳಗೇ ಹುಡುಕಿ. ಬೆಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ. ಅಕ್ಟೋಬರ್‌ನಲ್ಲಿ ತಡಬಡಿಸಿ, ನವೆಂಬರ್ ಹೊತ್ತಿಗೆ ಪೂರ್ವ, ಈಶಾನ್ಯದಿಂದ ಬೀಸಲು ಶುರು. ಮಳೆಗಾಲದಲ್ಲಿ ತೇವದ ಗಾಳಿ ಮೊದಲು ಸಿಗುವುದು ನಾಗರಬಾವಿ, ವಿಜಯನಗರದವರಿಗೆ. ಚಳಿಗಾಲದಲ್ಲಿ ಕೆ.ಆರ್.ಪುರ, ವೈಟ್‌ಫೀಲ್ಡ್‌ನವರಿಗೆ. ಗಲ್ಲಿಯೊಳಗೂ ಅದೇ ಲೆಕ್ಕ. ಸರೋಜಮ್ಮನ ಮನೆ ಪೂರ್ವಕ್ಕಿದ್ದರೆ ನಾಲ್ಕು ತಿಂಗಳು ಅವರು ಬೇಯುತ್ತಾರೆ. ಕಾರ್ತಿಕ ಬಂದಾಗ ಗಾಳಿ ತಿರುಗುತ್ತದೆ, ಈಗ ಮುಂದೆ ಇರುವವರು ಅವರು. ಸಾಲ ಮಾಡಿ ಕೊಂಡ ಪೆಟ್ಟಿಗೆ ಅವರ ತಾರಸಿ ಮೇಲೂ ಕೂತಿದೆ, ಇನ್ನೂ ಆನ್ ಮಾಡಿಲ್ಲ.

ಎರಡನೇಕರಡು:

ಹಾಗಾದರೆ ಗಾಳಿ ತಿರುಗುವುದನ್ನು ಮೊದಲ ದೃಶ್ಯದಲ್ಲೇ ಬಿತ್ತಿರಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಅದು ಬರೀ ಕಾಕತಾಳೀಯ. ಹವಾಮಾನ ವರದಿ ಬೇಡ, ವಾಸನೆ ಸಾಕು. ಗಲ್ಲಿಯ ಪಶ್ಚಿಮದ ತುದಿಗೆ ಒಂದು ಕಾಫಿಪುಡಿ ಅಂಗಡಿ ಇಡಿ. ಮಳೆಗಾಲದಲ್ಲಿ ಹುರಿದ ಬೀಜದ ವಾಸನೆ ಸರೋಜಮ್ಮನ ಅಡುಗೆಮನೆಯವರೆಗೆ ಬರುತ್ತದೆ, ಅವರು ಅದನ್ನೇ ಗಡಿಯಾರ ಮಾಡಿಕೊಂಡಿರುತ್ತಾರೆ. ನಡುವೆ ಒಮ್ಮೆ ಅದನ್ನು ನೆನಪಿಸಿ, ಅರ್ಧ ವಾಕ್ಯದಲ್ಲಿ. ಕೊನೆಯ ದೃಶ್ಯದಲ್ಲಿ ಒಂದು ಬೆಳಿಗ್ಗೆ ವಾಸನೆ ಬರುವುದಿಲ್ಲ. ಅವರು ತಾರಸಿ ಹತ್ತುತ್ತಾರೆ. ಮುಂದಿನ ಮನೆಯ ತಂತಿಯ ಮೇಲೆ ಮಗುವಿನ ಒದ್ದೆ ಬಟ್ಟೆ ನೇತಾಡುತ್ತಿದೆ. ಸ್ವಿಚ್ ಒತ್ತಿದರೋ ಬಿಟ್ಟರೋ ಅಂತ ಬರೆಯುವ ಮುಂಚೆ ಎರಡೂ ರೀತಿಯಲ್ಲಿ ಕೊನೆಯ 150 ಪದ ಬರೆದು ನೋಡಿ. ಎರಡನ್ನೂ ಇಲ್ಲೇ ಹಾಕಿ, ಓದೋಣ.