ಸಹಾಯ ಬೇಕು: ರೇಡ್ 5ರಲ್ಲಿ ಒಂದು ಡ್ರೈವ್ ಹೋಗಿದೆ, ರೀಬಿಲ್ಡ್‌ಗೆ ಕೈ ಹಾಕಲು ಧೈರ್ಯ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಸರ್ವರ್‌ನಲ್ಲಿ 4 ಟಿಬಿಯ 8 ಸಾಟಾ ಡ್ರೈವ್‌ಗಳಿವೆ. ಹಾರ್ಡ್‌ವೇರ್ ರೇಡ್ ಕಾರ್ಡ್ (ಹಲವು ಡ್ರೈವ್‌ಗಳನ್ನು ಒಂದಾಗಿ ನಡೆಸುವ ಕಾರ್ಡ್), ರೇಡ್ 5 (ಒಂದು ಡ್ರೈವ್ ಹೋದರೂ ಡೇಟಾ ಉಳಿಯುವ ಜೋಡಣೆ), ಹಾಟ್ ಸ್ಪೇರ್ (ತಾನಾಗಿಯೇ ಜಾಗ ತುಂಬುವ ಹೆಚ್ಚುವರಿ ಡ್ರೈವ್) ಇಲ್ಲ. (ಹೀಗೆ ಮಾಡಿದ್ದು ನಾನಲ್ಲ, ಆದರೆ ಈಗ ತಲೆನೋವು ನನ್ನದೇ.) ನಿನ್ನೆ ರಾತ್ರಿ ಒಂದು ಡ್ರೈವ್ ಕೈಕೊಟ್ಟಿತು. ಡೇಟಾ ಇನ್ನೂ ಸಿಗುತ್ತಿದೆ.

ಹೊಸ ಡ್ರೈವ್ ಕೈಯಲ್ಲಿದೆ. ಸುಮ್ನೆ ಹಾಕಿಬಿಡೋಣ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ರೀಬಿಲ್ಡ್ (ಹೋದ ಡ್ರೈವ್‌ನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಆಗಬೇಕಾದರೆ ಉಳಿದ 7 ಡ್ರೈವ್‌ಗಳನ್ನು ಪೂರ್ತಿ ಓದಬೇಕು, ಅಂದರೆ 28 ಟಿಬಿ. ಸ್ಪೆಕ್ ಶೀಟ್ ಪ್ರಕಾರ ಸುಮಾರು 12.5 ಟಿಬಿ ಓದಿದರೆ ಒಂದು ಕಡೆ ಓದಲಾಗದ ಸೆಕ್ಟರ್ (ಡ್ರೈವ್‌ನ ಚಿಕ್ಕ ತುಣುಕು) ಸಿಗಬಹುದು, ಆಗ ರೀಬಿಲ್ಡ್ ಕೆಡಬಹುದು. ನಿಜದಲ್ಲಿ ಅಷ್ಟು ಕೆಟ್ಟದಾಗಿ ಇರಲಿಕ್ಕಿಲ್ಲ. ಆದರೆ ಎಲ್ಲವೂ ಒಂದೇ ಬ್ಯಾಚ್‌ನವು, ಒಂದೇ ವಯಸ್ಸಿನವು. ಭಯ ಆಗುತ್ತದೆ ಅಲ್ವಾ?

ಸಾಲದ್ದಕ್ಕೆ ಕಾರ್ಡ್‌ನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಕಾಯುವ ಬ್ಯಾಟರಿಯೂ ಹೋಗಿದೆ. ಕಾರ್ಡ್ ರೈಟ್‌ಬ್ಯಾಕ್ (ಮೊದಲು ಕ್ಯಾಶ್‌ಗೆ, ಆಮೇಲೆ ಡ್ರೈವ್‌ಗೆ ಬರೆಯುವುದು) ಬಿಟ್ಟು ರೈಟ್‌ಥ್ರೂಗೆ (ಡ್ರೈವ್‌ಗೆ ಬರೆದಾದ ಮೇಲೆಯೇ ಮುಗಿಯಿತು ಅನ್ನುವುದು) ಬಂದಿದೆ, ಬರೆಯುವುದು ಆಮೆ ವೇಗ. ಬ್ಯಾಟರಿ ಇಲ್ಲದೆಯೂ ರೈಟ್‌ಬ್ಯಾಕ್ ಆನ್ ಮಾಡಬಹುದು. ಆದರೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ ಅಂತ ಮುಟ್ಟಿಲ್ಲ.

ಬ್ಯಾಕಪ್ ಇದೆ, ಮೂರು ವಾರ ಹಳೆಯದು. ದಯವಿಟ್ಟು ಬೈಯಬೇಡಿ.

ಇಂಥದ್ದನ್ನು ಅನುಭವಿಸಿದವರು ಹೇಳಿ. ಮೊದಲು ಡೇಟಾ ಹೊರಗೆ ಕಾಪಿ ಮಾಡಿ, ಆಮೇಲೆ ಡ್ರೈವ್ ಹಾಕಲೇ? ಕಾಪಿಗೂ ಅದೇ 7 ಡ್ರೈವ್‌ಗಳು ದುಡಿಯಬೇಕು, ನಿಜ. ಆದರೆ ತುಂಬಿರುವುದು 9 ಟಿಬಿ ಮಾತ್ರ. ಬ್ಯಾಟರಿ ಬದಲಿಸಲು ಸರ್ವರ್ ಆಫ್ ಮಾಡಬೇಕು. ಅದನ್ನು ಈಗಲೇ ಮಾಡಲೇ, ಕಾಪಿ ಮುಗಿದ ಮೇಲೆಯೇ? ಆಫ್ ಮಾಡಿದರೆ ಹಳೇ ಡ್ರೈವ್‌ಗಳು ಮತ್ತೆ ಏಳದಿದ್ದರೆ ಅನ್ನುವುದೇ ಜಾಸ್ತಿ ಚಿಂತೆ.

ಎಲ್ಲ ಮುಗಿದ ಮೇಲೆ ರೇಡ್ 6 (ಎರಡು ಡ್ರೈವ್ ಹೋದರೂ ಡೇಟಾ ಉಳಿಯುವುದು) ಮಾಡಿದರೆ 24 ಟಿಬಿ, ರೇಡ್ 10 (ಡ್ರೈವ್‌ಗಳನ್ನು ಜೋಡಿ ಮಾಡಿ ಒಂದರ ನಕಲು ಇನ್ನೊಂದರಲ್ಲಿ ಇಡುವುದು) ಆದರೆ 16 ಟಿಬಿ ಜಾಗ ಸಿಗುತ್ತದೆ. ಮೇಲೆ ಓಡುವುದು ಡೇಟಾಬೇಸ್. ನೀವಾದರೆ ಯಾವುದು ಹಾಕುತ್ತಿದ್ದಿರಿ?