ಸಹಾಯ ಬೇಕು: ಹಳೇ ಇಟ್ಟಿಗೆ ಕಟ್ಟಡದ ನಡುಗೋಡೆ ತೆಗೆಯಬಹುದಾ?

ಎಲ್ಲರಿಗೂ ನಮಸ್ಕಾರ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಇಟ್ಟಿಗೆ ಕಟ್ಟಡವನ್ನು ರಿಪೇರಿ ಮಾಡಿಸಿ, ಕೆಳಗೆ ಅಂಗಡಿ, ಮೇಲೆ ಆಫೀಸು ಮಾಡಬೇಕೆಂದಿದ್ದೇವೆ. ಕೆಡವಿಬಿಡಿ ಅನ್ನುವವರೇ ಜಾಸ್ತಿ. ನಮಗೆ ಉಳಿಸಿಕೊಳ್ಳುವ ಆಸೆ.

ಹಿಂದೆ ಯಾರೋ ಮಾಡಿಸಿದ ಸಿಮೆಂಟ್ ಪ್ಲಾಸ್ಟರ್ ಒಳಗೆ ತೇವ ನಿಂತು ಇಟ್ಟಿಗೆ ಪುಡಿಯಾಗುತ್ತಿದೆ, ಬಿಳಿ ಉಪ್ಪು ಬರುತ್ತಿದೆ. ಅದನ್ನು ಕಿತ್ತು ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸುವುದು ಸರಿ ಅಲ್ವಾ?

ದೊಡ್ಡ ಚಿಂತೆ ನಡುಗೋಡೆಯದು. ಅಂಗಡಿಗೆ ಜಾಗ ಬೇಕೆಂದು ಅದನ್ನು ತೆಗೆದು ಸ್ಟೀಲ್ ಬೀಮ್ ಕೊಡಬಹುದು ಅನ್ನುತ್ತಿದ್ದಾರೆ. ಗೋಡೆಯುದ್ದಕ್ಕೂ ಹರಡಿದ್ದ ಭಾರವೆಲ್ಲ ಬೀಮಿನ ಎರಡು ತುದಿಗೆ ಬಂದರೆ ಹಳೇ ಇಟ್ಟಿಗೆ ತಡೆಯುತ್ತಾ? ಪಾಯದ ಪಕ್ಕ ಅಗೆದು ನೋಡದೆ ಯಾರೂ ಹೂಂ ಅನ್ನಬಾರದು ಅನ್ನೋದು ನನ್ನ ಅಭಿಪ್ರಾಯ. ಬಾಗಿಲ ಕಮಾನಿನ ಮೇಲೆ ಓರೆ ಬಿರುಕೂ ಇದೆ.

ಇಂಥ ಕೆಲಸ ಮಾಡಿಸಿದವರು, ಸ್ಟ್ರಕ್ಚರಲ್ ಎಂಜಿನಿಯರ್‌ಗಳು ದಯವಿಟ್ಟು ತಿಳಿಸಿ. ಫೋಟೋ ಕಳಿಸುತ್ತೇನೆ.