ಟಸ್ಕನಿಗೆ ಹೊರಟಿದ್ದೇವೆ: ಏನು ನೋಡಬೇಕು, ಯಾವುದನ್ನು ಬಿಡಬಹುದು?

ವಿದ್ಯಾನಗರ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಗಳು ಇಟಲಿಯ ಪೀಸಾದಲ್ಲಿ ಓದುತ್ತಿದ್ದಾಳೆ. ದಸರಾ ರಜೆ ಸೇರಿಸಿಕೊಂಡು ಸೆಪ್ಟೆಂಬರ್ ಕೊನೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆಯವರು ಅವಳನ್ನು ನೋಡಲು ಹೋಗುತ್ತಿದ್ದೇವೆ. ವೀಸಾ ಕೈಗೆ ಬಂದಿದೆ. ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಸಮಯವಿದೆ.

ಇಲ್ಲಿನ ಒಂದು ಪ್ರವಾಸ ಸಂಸ್ಥೆಯವರು ಕೊಟ್ಟ ಪಟ್ಟಿಯಲ್ಲಿ ಬೆಳಗ್ಗೆ ಪೀಸಾ, ಮಧ್ಯಾಹ್ನ ಫ್ಲಾರೆನ್ಸ್, ಮರುದಿನ ರೋಮ್ ಎಂದಿದೆ. ಅದನ್ನು ನೋಡಿಯೇ ಅತ್ತೆಯವರು, "ಬಸ್ಸಿನಲ್ಲಿ ಕೂತಿರುವುದಕ್ಕೆ ಅಷ್ಟು ದೂರ ಹೋಗಬೇಕೇ?" ಎಂದು ಕೇಳಿದರು. ಅವರಿಗೆ ಎಪ್ಪತ್ತು ದಾಟಿದೆ. ಸಮತಟ್ಟಾದ ದಾರಿಯಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ. ಉಕ್ಕಡಗಾತ್ರಿ ಜಾತ್ರೆಯಲ್ಲಿ ನಮಗಿಂತ ಮುಂದೆ ಅವರೇ ಇರುತ್ತಾರೆ. ಮೆಟ್ಟಿಲು ಹತ್ತುವುದು ಮಾತ್ರ ಆಗದು. ಮೊಟ್ಟೆಯನ್ನೂ ತಿನ್ನದ ಮನೆ ನಮ್ಮದು.

ಟಸ್ಕನಿ ಪ್ರಾಂತ್ಯವೊಂದನ್ನೇ ಸರಿಯಾಗಿ ನೋಡೋಣ ಎಂಬುದು ನನ್ನ ಆಸೆ. ಹೋಗಿ ಬಂದವರು, ಅಲ್ಲಿ ಇದ್ದವರು ದಯವಿಟ್ಟು ತಿಳಿಸಿ.

ದುರ್ಗದ ನೀರಾವರಿ, ಚಿತ್ರದುರ್ಗ

ಮೇಡಂ, ನಿಮ್ಮ ಅತ್ತೆಯವರ ಮಾತೇ ಸರಿ. ಪಟ್ಟಿಯನ್ನು ಪಕ್ಕಕ್ಕಿಡಿ.

ನಾನು ಸಣ್ಣ ನೀರಾವರಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಅಳಿಯನಿಗೆ ಸಿಯೆನಾದಲ್ಲಿ ಕೆಲಸವಿದ್ದಾಗ ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಆ ಊರಿನಲ್ಲಿ ಒಂದು ಬೇಸಿಗೆ ಕಳೆದೆವು. ಆಕೆಗೆ ಮೊಮ್ಮಗುವಿನ ಕೆಲಸ, ನನಗೆ ಊರು ಸುತ್ತುವ ಕೆಲಸ. ಹಾಗಾಗಿ ನನ್ನ ಸಲಹೆ ಸಿಯೆನಾದ ಕಡೆಗೆ ವಾಲಿದೆ. ಎರಡು ದಿನ ಫ್ಲಾರೆನ್ಸಿಗೆ, ಅರ್ಧ ದಿನ ಪೀಸಾದ ಗೋಪುರಕ್ಕೆ, ಒಂದು ಇಡೀ ದಿನ ಲುಕ್ಕಾಗೆ ಕೊಟ್ಟು, ಮಿಕ್ಕಿದ್ದೆಲ್ಲ ಸಿಯೆನಾದಲ್ಲಿ ಇರಿ. ರೋಮ್ ಇನ್ನೊಂದು ಸಲಕ್ಕಿರಲಿ.

ಸಿಯೆನಾ ಏಕೆ? ಅದು ಗುಡ್ಡದ ನೆತ್ತಿಯ ಮೇಲಿನ ಊರು. ಹತ್ತಿರದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ದುರ್ಗದಲ್ಲಿ ಬೆಳೆದ ಯಾರಿಗೇ ಆಗಲಿ, ಅಂಥ ಊರಿನಲ್ಲಿ ಕಾಲಿಟ್ಟ ಕೂಡಲೇ ಏಳುವ ಪ್ರಶ್ನೆ ಒಂದೇ: ಇಷ್ಟು ಜನ ನೀರಿಗೆ ಏನು ಮಾಡಿದರು? ನಮ್ಮ ಪಾಳೆಯಗಾರರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದರು. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ನಡುವಿನ ಸಂತೆ ಹೊಂಡಕ್ಕೆ. ಸಿಯೆನಾದವರು ನೆಲದೊಳಗೆ ಇಳಿದರು. ಊರಿನ ಕೆಳಗೂ ಹೊರಗಿನ ಗುಡ್ಡಗಳ ಕೆಳಗೂ ಒಟ್ಟು ಸುಮಾರು 25 ಕಿ.ಮೀ. ಸುರಂಗ ಕೊರೆದಿದ್ದಾರೆ. ಅದಕ್ಕೆ ಅಲ್ಲಿ 'ಬೊತ್ತೀನಿ' ಎನ್ನುತ್ತಾರೆ. ಆಳು ನಿಂತು ನಡೆಯುವಷ್ಟು ಎತ್ತರ, ಹಲವು ಕಡೆ ಮೇಲೆ ಇಟ್ಟಿಗೆಯ ಕಮಾನು, ಕೆಳಗೆ ನಟ್ಟನಡುವೆ ಒಂದು ಕಿರುಗಾಲುವೆ. ಮರಳುಗಲ್ಲಿನಲ್ಲಿ ಜಿನುಗುವ ನೀರು ಗೋಡೆಯಿಂದ ಒಸರಿ ಆ ಕಾಲುವೆಗೆ ಬೀಳುತ್ತದೆ. ಇಳಿಜಾರು ಎಷ್ಟು ಕಡಿಮೆಯೆಂದರೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ನೀರು ಮಾತ್ರ ನಿಲ್ಲದೆ ಹರಿಯುತ್ತದೆ. ಬದಿಗೆ ಸುಣ್ಣದ ಕೆನೆ ಕಟ್ಟಿಕೊಂಡಿರುತ್ತದೆ, ಅದನ್ನು ಆಗಾಗ ಕೆರೆದು ತೆಗೆಯದಿದ್ದರೆ ಕಾಲುವೆ ಮುಚ್ಚಿಹೋಗುತ್ತದೆ. ಪಂಪಿಲ್ಲದ ಕಾಲದಲ್ಲಿ ಹೀಗೆ ತಂದ ನೀರು 1340ರ ದಶಕದಲ್ಲಿ ಊರಿನ ಮುಖ್ಯ ಚೌಕವನ್ನೇ ಮುಟ್ಟಿತು. ಅಲ್ಲಿನ ಕಾರಂಜಿಯ ಹೆಸರು ಫೋಂತೆ ಗಾಯಾ. ಮುಂದೆ 1414ರಿಂದ 1419ರವರೆಗೆ ಯಾಕೋಪೋ ದೆಲ್ಲಾ ಕ್ವೆರ್ಚಾ ಅದಕ್ಕೆ ಶಿಲ್ಪಗಳನ್ನು ಕೆತ್ತಿದ. ಈಗ ಚೌಕದಲ್ಲಿರುವುದು ಪ್ರತಿಕೃತಿ. ಮೂಲ ಶಿಲ್ಪಗಳು ಸಾಂತಾ ಮರೀಯಾ ದೆಲ್ಲಾ ಸ್ಕಾಲಾ ಎಂಬ ಹಳೆಯ ಆಸ್ಪತ್ರೆಯಲ್ಲಿ ಇವೆ. ಈಗ ಅದೇ ವಸ್ತುಸಂಗ್ರಹಾಲಯ.

ನಾನು ಹೆಚ್ಚು ಹೊತ್ತು ಕುಳಿತದ್ದು ಇಳಿಜಾರಿನ ಬುಡದಲ್ಲಿರುವ ಫೋಂತೆಬ್ರಾಂದಾದ ಎದುರು. ದೊಡ್ಡ ಮೂರು ಕಮಾನುಗಳ ಹಿಂದೆ ತಣ್ಣಗಿನ ನೀರಿನ ತೊಟ್ಟಿ. ಇಂಥ ಕಡೆಗಳಲ್ಲಿ ಮೊದಲ ತೊಟ್ಟಿ ಕುಡಿಯುವ ನೀರಿಗೆ, ಅದು ಕೋಡಿ ಬಿದ್ದು ತುಂಬಿದ ಎರಡನೆಯದು ದನಕರುಗಳಿಗೆ, ಅದರಿಂದ ಮಿಕ್ಕಿದ್ದು ಬಟ್ಟೆ ಒಗೆಯಲು. ಒಂದು ಹನಿಯನ್ನೂ ಒಂದೇ ಸಲ ಬಳಸಿ ಬಿಡಲಿಲ್ಲ. ಈ ಲೆಕ್ಕಾಚಾರ ನೋಡಿ ನನಗೆ ಆ ಊರಿನವರ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ. ಸುರಂಗದೊಳಗೆ ಮುಂಚಿತವಾಗಿ ಹೆಸರು ಬರೆಸಿದವರನ್ನು ಮಾರ್ಗದರ್ಶಕರ ಜೊತೆ ಕರೆದೊಯ್ಯುತ್ತಾರೆ. ಮಗಳಿಗೆ ಈಗಲೇ ಹೇಳಿಡಿ.

ಚೌಕದ ಹೆಸರು ಪಿಯಾಟ್ಸಾ ದೆಲ್ ಕಾಂಪೋ. ಇಟ್ಟಿಗೆ ಹಾಸನ್ನು ಒಂಬತ್ತು ಪಾಲು ಮಾಡಿ, ಎಲ್ಲವೂ ಪುರಭವನದ ಕಡೆಗೆ ಇಳಿಯುವಂತೆ ಕಟ್ಟಿದ್ದಾರೆ. ಆಗ ಊರನ್ನು ಆಳುತ್ತಿದ್ದವರು ಒಂಬತ್ತು ಮಂದಿಯ ಸಭೆ. ಸಂಜೆ ಜನ ಸುಮ್ಮನೆ ನೆಲದ ಮೇಲೆ ಕುಳಿತಿರುತ್ತಾರೆ. ನಿಮ್ಮ ಅತ್ತೆಯವರಿಗೂ ಹಿಡಿಸುತ್ತದೆ.

ನೀವು ಸಮಾಜ ವಿಜ್ಞಾನದ ಮೇಡಂ ಆಗಿರುವುದರಿಂದ ಆ ಪುರಭವನದೊಳಗಿನ ಒಂದು ಕೋಣೆಯನ್ನು ಬಿಡಲೇಬಾರದು. 1338-39ರಲ್ಲಿ ಅಂಬ್ರೋಜೋ ಲೊರೆನ್ಸೆತ್ತಿ ಎಂಬಾತ ಆ ಒಂಬತ್ತು ಜನ ಕುಳಿತು ಆಡಳಿತ ನಡೆಸುತ್ತಿದ್ದ ಕೋಣೆಯ ಗೋಡೆಗಳಿಗೆ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಚಿತ್ರಗಳನ್ನು ಬರೆದ. ಒಳ್ಳೆಯ ಆಡಳಿತದ ಊರಿನಲ್ಲಿ ಗಾರೆಯವರು ಎತ್ತರದಲ್ಲಿ ನಿಂತು ಕಟ್ಟಡ ಕಟ್ಟುತ್ತಿದ್ದಾರೆ, ಚಮ್ಮಾರನ ಅಂಗಡಿ ತೆರೆದಿದೆ, ಬೀದಿಯಲ್ಲಿ ಕುಣಿತ ನಡೆದಿದೆ, ಹೊರೆ ಹೊತ್ತ ಕತ್ತೆಗಳು ಓಡಾಡುತ್ತಿವೆ, ಕೋಟೆ ಬಾಗಿಲಿನಾಚೆ ಹೊಲದಲ್ಲಿ ಸುಗ್ಗಿ. ಎದುರು ಗೋಡೆಯಲ್ಲಿ ಕೊಂಬಿನ ಕ್ರೂರಿ ಅರಸ, ಅವನ ಕಾಲ ಬಳಿ ಕಟ್ಟಿಹಾಕಿದ ನ್ಯಾಯದೇವತೆ. ತೀರ್ಪು ಕೊಡುವವರು ತಲೆ ಎತ್ತಿದರೆ ಎರಡೂ ಕಾಣಬೇಕು. ನಮ್ಮ ಎಷ್ಟೋ ಸಭಾಂಗಣಗಳಲ್ಲಿ ಇಂಥದ್ದೊಂದು ಗೋಡೆ ಇರಬೇಕಿತ್ತು ಎಂದು ಅಲ್ಲಿ ನಿಂತು ಅಂದುಕೊಂಡಿದ್ದೇನೆ.

ಮಹಾ ಚರ್ಚಿನ ಅಮೃತಶಿಲೆಯ ನೆಲದಲ್ಲಿ 56 ಚಿತ್ರಫಲಕಗಳಿವೆ. ವರ್ಷದ ಬಹುಪಾಲು ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚಿಟ್ಟಿರುತ್ತಾರೆ. ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ ತೆರೆದಿರುತ್ತಾರೆ, ದಿನಾಂಕ ನೋಡಿಕೊಳ್ಳಿ. ಅದರ ಪಕ್ಕದಲ್ಲೇ ಚಾವಣಿಯಿಲ್ಲದ ದೊಡ್ಡ ಗೋಡೆಯೊಂದು ನಿಂತಿದೆ. ಚರ್ಚನ್ನು ಇನ್ನೂ ಹಿಗ್ಗಿಸಲು ಹೊರಟಿದ್ದರು, 1348ರ ಪ್ಲೇಗು ಊರನ್ನೇ ಬರಿದು ಮಾಡಿತು, ಕೆಲಸ ಅಲ್ಲಿಗೇ ನಿಂತಿತು.

ಪೀಸಾದ ಗೋಪುರದ ಬಗ್ಗೆ ಎಂಜಿನಿಯರನಾಗಿ ಒಂದು ಮಾತು. 1173ರಲ್ಲಿ ಶುರುವಾಗಿ ಮೂರನೆಯ ಅಂತಸ್ತಿನ ಹೊತ್ತಿಗೆ ವಾಲಿತು. ಕಾರಣ ತೆಳುವಾದ ಪಾಯ, ಕೆಳಗೆ ಮೆತ್ತನೆಯ ಜೇಡಿಮಣ್ಣು. ಯುದ್ಧಗಳಿಂದಾಗಿ ಕೆಲಸ ಸುಮಾರು ನೂರು ವರ್ಷ ನಿಂತಿತು. ಅಷ್ಟರಲ್ಲಿ ಮಣ್ಣು ಭಾರಕ್ಕೆ ಒಗ್ಗಿ ಗಟ್ಟಿಯಾಯಿತು. ಒಂದೇ ಓಟದಲ್ಲಿ ಕಟ್ಟಿದ್ದರೆ ಅಂದೇ ಉರುಳುತ್ತಿತ್ತು. 1990ರಲ್ಲಿ ಅಪಾಯವೆಂದು ಮುಚ್ಚಿ, ಕೊನೆಗೆ ಉತ್ತರ ದಿಕ್ಕಿನ ತಳದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ತಂದು 2001ರಲ್ಲಿ ತೆರೆದರು. ನೂಕಲಿಲ್ಲ, ಎಳೆದು ನೆಟ್ಟಗೂ ಮಾಡಲಿಲ್ಲ. ಅಂಥ ತಾಳ್ಮೆಯ ಕೆಲಸ ನಾನು ಬೇರೆಲ್ಲೂ ಕಂಡಿಲ್ಲ. ಕೈ ಚಾಚಿ ಫೋಟೊ ತೆಗೆಸಿಕೊಂಡು ಓಡಿಬರದೆ ತಳವನ್ನು ಒಂದು ಸುತ್ತು ಬನ್ನಿ.

ಲುಕ್ಕಾ ನಿಮ್ಮ ಅತ್ತೆಯವರ ಊರು! ಪೀಸಾದಿಂದ ರೈಲಿನಲ್ಲಿ ಅರ್ಧ ಗಂಟೆ, ಊರೆಲ್ಲ ಸಮತಟ್ಟು. 4 ಕಿ.ಮೀ.ಗಿಂತ ಸ್ವಲ್ಪ ಉದ್ದದ ಕೋಟೆಗೋಡೆ ಇಡಿಯಾಗಿ ಉಳಿದಿದೆ. ನಮ್ಮ ಕೋಟೆಯ ಹಾಗೆ ಬಂಡೆಯಿಂದ ಬಂಡೆಗೆ ಕಟ್ಟಿದ್ದಲ್ಲ. ಫಿರಂಗಿ ಗುಂಡು ತಡೆಯಲೆಂದು ಒಳಗೆ ಮಣ್ಣು ತುಂಬಿ ಹೊರಗೆ ಇಟ್ಟಿಗೆ ಹೊದಿಸಿದ ಭಾರಿ ದಿಬ್ಬ. ಮೇಲೆ ಸಾಲು ಮರ, ನೆರಳು, ಬೆಂಚು, ಸೈಕಲ್ಲು. ಮೇಲೇರಲು ಇಳಿಜಾರು ದಾರಿಗಳಿವೆ. ಆ ಗೋಡೆ ಮುತ್ತಿಗೆಯನ್ನೇ ಕಾಣಲಿಲ್ಲ, ಆದರೆ 1812ರಲ್ಲಿ ಸೆರ್ಕಿಯೋ ನದಿ ಉಕ್ಕಿದಾಗ ಬಾಗಿಲು ಹಾಕಿ ಪ್ರವಾಹದಿಂದ ಊರನ್ನು ಉಳಿಸಿಕೊಂಡರು.

ಸಾನ್ ಜಿಮಿನ್ಯಾನೋ ಸಿಯೆನಾದಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಹಳೆಯ ಶ್ರೀಮಂತ ಮನೆತನಗಳ ಗೋಪುರಗಳಲ್ಲಿ 14 ಉಳಿದಿವೆ. ಬೆಳಗ್ಗೆ ಬೇಗ ಹೋಗಿ; ಹನ್ನೊಂದರ ಮೇಲೆ ವಿಪರೀತ ಜನ.

ಬೆಣ್ಣೆನಗರಿ, ದಾವಣಗೆರೆ

ಅಕ್ಕ, ಸರ್ ಊಟದ ವಿಷಯ ಬಿಟ್ಟರು, ಅದನ್ನು ನಾನು ಹೇಳುತ್ತೇನೆ. ಕೆಲಸದ ಮೇಲೆ ಫ್ಲಾರೆನ್ಸಿನಲ್ಲಿ ಇದ್ದವಳು ನಾನು.

ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಶೇಂಗಾ ಚಟ್ನಿಪುಡಿ ಧಾರಾಳವಾಗಿ ಕಟ್ಟಿಕೊಳ್ಳಿ. ಹಳೆಯ ಬ್ರೆಡ್ಡು, ಟೊಮೆಟೊ, ತುಳಸಿಯ ಜಾತಿಯ ಸೊಪ್ಪು, ಆಲಿವ್ ಎಣ್ಣೆ ಹಾಕಿ ಗಟ್ಟಿಯಾಗಿ ಬೇಯಿಸುವ 'ಪಾಪ್ಪಾ ಅಲ್ ಪೊಮೊದೋರೋ' ಅತ್ತೆಯವರಿಗೆ ಹಿಡಿಸುತ್ತದೆ. 'ರಿಬೊಲ್ಲೀತಾ' ಸೊಪ್ಪು ಮತ್ತು ಬಿಳಿ ಕಾಳಿನದು, ಆದರೆ ಕೆಲವು ಕಡೆ ಹಂದಿಯ ಕೊಬ್ಬು ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಸಿಯೆನಾದ ಕಡೆ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ 'ಪೀಚಿ' ಸಿಗುತ್ತದೆ, ಸಾಂಪ್ರದಾಯಿಕವಾಗಿ ಹಿಟ್ಟು ನೀರಿನದು. ಅಲ್ಲೂ ಮೊಟ್ಟೆ ಇದೆಯೇ ಎಂದು ಕೇಳಿ. ಬೆಳ್ಳುಳ್ಳಿ ಟೊಮೆಟೊ ಸಾರಿನ ಜೊತೆ ಕೊಡುವುದಕ್ಕೆ 'ಆಲ್ಯೋನೆ' ಎನ್ನುತ್ತಾರೆ.

ಪೀಸಾ, ಲುಕ್ಕಾದಲ್ಲಿ 'ಚೆಚೀನಾ' ಮರೆಯಬೇಡಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗಿಟ್ಟು ಬೇಯಿಸಿ, ತುಂಡು ಮಾಡಿ ಮೇಲೆ ಕಾಳುಮೆಣಸು ಉದುರಿಸಿ ಕೊಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ, ನಮ್ಮ ಬೆಣ್ಣೆದೋಸೆಯ ಹಾಗೆ.

ಒಂದು ಎಚ್ಚರ: ಪಾರ್ಮೆಸಾನ್ ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರಸ ಬಳಸುತ್ತಾರೆ. ಆಚಾರದವರು ಚೀಸ್ ಬೇಡ ಎಂದೇ ಹೇಳುವುದು ಒಳ್ಳೆಯದು. "ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ, ಸೆನ್ಸಾ ಉವೊವಾ, ಸೆನ್ಸಾ ಫೊರ್ಮಾಜ್ಜೋ": ಮಾಂಸ, ಮೀನು, ಮೊಟ್ಟೆ, ಚೀಸ್ ಬೇಡ. ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ 'ಕೊಪೆರ್ತೋ' ಎಂದು ತಲೆಗೆ ಇಷ್ಟು ಎಂದು ಸೇರಿಸಿರುತ್ತಾರೆ, ಅದು ಅಲ್ಲಿನ ಪದ್ಧತಿ, ಗಾಬರಿಯಾಗಬೇಡಿ.

ವಿದ್ಯಾನಗರ ಟೀಚರ್, ದಾವಣಗೆರೆ

ಸರ್, ತಂಗಿ, ಇಬ್ಬರಿಗೂ ತುಂಬಾ ಧನ್ಯವಾದ. ಸರ್ ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ರೋಮ್ ಕೈಬಿಟ್ಟಿದ್ದೇವೆ. ಎರಡು ಅನುಮಾನ ಉಳಿದಿದೆ. ಸಿಯೆನಾ ಗುಡ್ಡ ಎಂದಿರಿ, ಅತ್ತೆಯವರು ಹತ್ತುವುದು ಹೇಗೆ? ಫ್ಲಾರೆನ್ಸಿನಲ್ಲಿ ಮಗಳು ಮಹಾ ಚರ್ಚಿನ ದೊಡ್ಡ ಗುಮ್ಮಟ ಹತ್ತಲೇಬೇಕೆಂದು ಹಟ ಹಿಡಿದಿದ್ದಾಳೆ. ಆ ಹೊತ್ತು ಇವರನ್ನು ಎಲ್ಲಿ ಕೂರಿಸುವುದು?

ದುರ್ಗದ ನೀರಾವರಿ, ಚಿತ್ರದುರ್ಗ

ಮೇಡಂ, ಸಿಯೆನಾದ ರೈಲು ನಿಲ್ದಾಣದ ಎದುರಿನಿಂದ ಮೇಲಿನ ಊರಿನವರೆಗೆ ಒಂದರ ಮೇಲೊಂದು ಎಸ್ಕಲೇಟರುಗಳಿವೆ. ಫೋಂತೆಬ್ರಾಂದಾದ ಬಳಿಯಿಂದ ಮಹಾ ಚರ್ಚಿನ ಹತ್ತಿರಕ್ಕೂ ಇವೆ. ಫ್ಲಾರೆನ್ಸಿನಿಂದ ಬಸ್ಸಿನಲ್ಲಿ ಬಂದರೆ ಇನ್ನೂ ಸುಲಭ, ಊರಿನ ಮೇಲ್ಭಾಗದಲ್ಲೇ ಇಳಿಸುತ್ತದೆ. ಸುರಂಗಕ್ಕೆ ಮಾತ್ರ ಅವರನ್ನು ಕರೆದೊಯ್ಯಬೇಡಿ. ತೇವ, ಇಕ್ಕಟ್ಟು, ಕಾಲು ಜಾರುತ್ತದೆ. ಫೋಂತೆಬ್ರಾಂದಾದ ತೊಟ್ಟಿ ತೋರಿಸಿ, ಸಾಕು.

ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ನಿಗದಿತ ಸಮಯದ ಟಿಕೆಟ್ ಮೊದಲೇ ತೆಗೆಯಬೇಕು. ಮಗಳ ಹಟ ನ್ಯಾಯವಾದದ್ದೇ. 1420ರಿಂದ 1436ರವರೆಗೆ ಬ್ರೂನೆಲ್ಲೆಸ್ಕಿ ಅದನ್ನು ನೆಲದಿಂದ ಮರದ ಅಟ್ಟ ಕಟ್ಟಿ ಆನಿಸದೆಯೇ ಮೇಲೆತ್ತಿದ. ಎರಡು ಪದರಗಳ ನಡುವೆ ಹತ್ತುವಾಗ ಇಟ್ಟಿಗೆಗಳನ್ನು ಅಡ್ಡಡ್ಡ ಮತ್ತು ನೆಟ್ಟಗೆ ಹೆಣೆದಂತೆ ಕೂರಿಸಿರುವುದು ಕಾಣುತ್ತದೆ. ಹಸಿ ಗಾರೆಯ ಮೇಲಿನ ಇಟ್ಟಿಗೆ ಒಳಗೆ ಜಾರದೆ ನಿಂತದ್ದು ಆ ಹೆಣಿಗೆಯಿಂದ. ಅತ್ತೆಯವರು ಯಜಮಾನರ ಜೊತೆ ಹಿಂದೆಯೇ ಇರುವ ಚರ್ಚಿನ ಮ್ಯೂಸಿಯಮ್ಮಿಗೆ ಹೋಗಲಿ. ಲಿಫ್ಟ್ ಇದೆ. ಗಿಬೆರ್ತಿ 1425ರಿಂದ 1452ರವರೆಗೆ ದುಡಿದು ಮಾಡಿದ ಚಿನ್ನದ ಮುಲಾಮಿನ ಕಂಚಿನ ಬಾಗಿಲುಗಳ ಮೂಲ ಅಲ್ಲಿದೆ. ಉಫಿತ್ಸಿ ಚಿತ್ರಶಾಲೆಗೂ ಡೇವಿಡ್ ಶಿಲ್ಪವಿರುವ ಅಕಾದೆಮಿಯಾಕ್ಕೂ ಸೋಮವಾರ ರಜೆ.

ಹಿರಿಯೂರು ಮೇಷ್ಟ್ರು

ಫ್ಲಾರೆನ್ಸಿನಲ್ಲಿ ಸಮಯ ಉಳಿದರೆ ಕಾಶಿನೆ ಉದ್ಯಾನಕ್ಕೂ ಹೋಗಿ. ಕೊಲ್ಹಾಪುರದ ಎರಡನೆಯ ರಾಜಾರಾಮ ಮಹಾರಾಜರು ಇಂಗ್ಲೆಂಡಿನಿಂದ ಹಿಂದಿರುಗುವಾಗ 1870ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಇಪ್ಪತ್ತರ ಹರೆಯ. ಶವ ಸುಡುವ ರೂಢಿಯೇ ಇಲ್ಲದ ಊರಿನಲ್ಲಿ ವಿಶೇಷ ಅನುಮತಿ ಪಡೆದು, ಆರ್ನೋ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ ಹಿಂದೂ ಪದ್ಧತಿಯಂತೆ ದಹನ ಮಾಡಿದರು. 1874ರಲ್ಲಿ ನಿಲ್ಲಿಸಿದ ಮಂಟಪ, ಅದರೊಳಗೆ ಬಣ್ಣ ಬಳಿದ ಪ್ರತಿಮೆ ಈಗಲೂ ಇದೆ. ಪಕ್ಕದ ಸೇತುವೆಯನ್ನು ಊರಿನವರು 'ಇಂಡಿಯಾನೋ' ಎಂದೇ ಕರೆಯುತ್ತಾರೆ. ಉದ್ಯಾನದ ಪಶ್ಚಿಮದ ತುದಿಯಲ್ಲಿದೆ, ದೂರ ನಡೆಯಬೇಕು, ಆದರೆ ದಾರಿ ಸಮತಟ್ಟು, ಮರದ ನೆರಳು. ಮನೆಯಿಂದ ಅಷ್ಟು ದೂರ ಹೋಗಿ ಮಣ್ಣಾದ ಹುಡುಗನಿಗೆ ನಮ್ಮ ಕಡೆಯವರು ಯಾರಾದರೂ ಒಂದು ಹೂವಿಟ್ಟು ಬಂದರೆ ನನಗೆ ಸಮಾಧಾನ.

ವಿದ್ಯಾನಗರ ಟೀಚರ್, ದಾವಣಗೆರೆ

ಖಂಡಿತ ಹೋಗುತ್ತೇವೆ ಮೇಷ್ಟ್ರೇ. ಸಿಯೆನಾದಲ್ಲಿ ಮನೆ ಹುಡುಕುತ್ತಿದ್ದೇವೆ. ಕೋಟೆಯ ಒಳಗೋ, ಹೊರಗೋ?

ದುರ್ಗದ ನೀರಾವರಿ, ಚಿತ್ರದುರ್ಗ

ಒಳಗೇ ಹಿಡಿಯಿರಿ, ಉತ್ತರದ ಕಮೋಲಿಯಾ ಬಾಗಿಲಿನ ಕಡೆ. ಎಸ್ಕಲೇಟರೂ ಹತ್ತಿರ, ಬಸ್ಸೂ ಹತ್ತಿರ. ಬಾಡಿಗೆ ಕಾರು ಬೇಡ; ಹಳೆಯ ಊರಿನೊಳಗೆ ಹೊರಗಿನವರ ವಾಹನ ಬಿಡುವುದಿಲ್ಲ, ಕ್ಯಾಮೆರಾ ನೋಡಿ ದಂಡ ಕಳಿಸುತ್ತಾರೆ. ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮುಂಗಡ ಕೊಡುವ ಮೊದಲು ಮನೆಯವರನ್ನು ಲಿಫ್ಟ್ ಇದೆಯೇ, ಬಾಗಿಲಿನಿಂದ ಒಳಗೆ ಎಷ್ಟು ಮೆಟ್ಟಿಲು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.